ಸ್ಯಾಂಡ್‌ಬ್ಲಾಸ್ಟ್ ಆದ ತೇಗದ ಬೋರ್ಡು: ಮಲೆನಾಡಿನ ಮಳೆಗೆ ನಿಲ್ಲುವ ಫಿನಿಶ್ ಯಾವುದು?

ಕಾಫಿಕಣ:

ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ಗೇಟಿನ ಪಕ್ಕ ನಿಲ್ಲಿಸುವ ಬೋರ್ಡು. 4 ಅಡಿ ಅಗಲ, 2 ಅಡಿ ಎತ್ತರ, ಒಂದೂವರೆ ಇಂಚು ದಪ್ಪ. ತೇಗದ ಐದು ಹಲಗೆ ಜೋಡಿಸಿ ಅಂಟಿಸಿದ್ದು. ರಬ್ಬರ್ ಸ್ಟೆನ್ಸಿಲ್ ಹಚ್ಚಿ, ಗಾರ್ನೆಟ್ ಕಲ್ಲಿನ ಹರಳನ್ನು ಗಾಳಿಯ ಒತ್ತಡದಲ್ಲಿ ಹೊಡೆಸಿ ಬ್ಲಾಸ್ಟ್ ಮಾಡಿಸಿದ್ದೇವೆ. ಹಿನ್ನೆಲೆ ಸುಮಾರು 8 ಮಿ.ಮೀ. ಒಳಗೆ ಹೋಗಿದೆ, ಅಕ್ಷರಗಳು ಉಬ್ಬಿ ನಿಂತಿವೆ, ಮರದ ಗೆರೆಗಳು ಚೆನ್ನಾಗಿ ಎದ್ದಿವೆ. ಬ್ಲಾಸ್ಟ್ ಆದದ್ದು ಕಳೆದ ವಾರ, ಸ್ಟೆನ್ಸಿಲ್ ಇನ್ನೂ ಕಿತ್ತಿಲ್ಲ.

ಬೋರ್ಡಿನ ಮುಖ ಪಶ್ಚಿಮಕ್ಕೆ, ಮೇಲೆ ಸೂರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೇರವಾಗಿ ಹೊಡೆಯುತ್ತದೆ, ಮಾರ್ಚ್-ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು ಪೂರ್ತಿ ಬೀಳುತ್ತದೆ. ಆಚಾರ್ರು ಹೇಳುತ್ತಿರುವುದು ಕ್ಲಿಯರ್ ಪಿಯು (ಪಾಲಿಯುರೆಥೇನ್, ಪಾರದರ್ಶಕ ಲೇಪ) ನಾಲ್ಕು ಕೋಟು. ಮರದ ಗೆರೆ ಕಾಣಬೇಕು ಅನ್ನುವುದು ನಮ್ಮ ಆಸೆಯೂ ಹೌದು. ಇನ್ನೊಬ್ಬರು ಅಗಸೆ ಎಣ್ಣೆ ಸಾಕು ಅನ್ನುತ್ತಾರೆ. ಅಕ್ಷರಕ್ಕೆ ಕೆನೆ ಬಣ್ಣ ಅಥವಾ ಚಿನ್ನದ ಬಣ್ಣ ಅಂದುಕೊಂಡಿದ್ದೇವೆ.

ಯಾವುದು ಹೆಚ್ಚು ವರ್ಷ ಬರುತ್ತದೆ? ಯಾವ ಕ್ರಮದಲ್ಲಿ ಮಾಡಬೇಕು, ಎಷ್ಟು ಸಾಮಾನು ಬೇಕು?

ಉಳಿಗರಗಸ:

ಮೊದಲು ಪಿಯು ವಿಚಾರ. ಸೂರಿಲ್ಲದ, ಪಶ್ಚಿಮ ಮುಖದ ಬೋರ್ಡಿಗೆ ಕ್ಲಿಯರ್ ಯಾವುದೂ ಬೇಡ, ಎಷ್ಟೇ ದುಬಾರಿಯದಾದರೂ. ಬಿಸಿಲಿನ ಅತಿನೇರಳೆ ಕಿರಣ ಪಾರದರ್ಶಕ ಪದರವನ್ನು ದಾಟಿ ಕೆಳಗಿನ ಮರಕ್ಕೆ ತಲುಪುತ್ತದೆ. ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಅಲ್ಲಿ ಒಡೆಯುತ್ತದೆ. ಪಿಯು ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದು ಅಂಟಿಕೊಂಡಿದ್ದ ಮರದ ಮೇಲ್ಪದರವೇ ಪುಡಿಯಾಗಿರುತ್ತದೆ. ಎಲ್ಲೋ ಒಂದು ಕೂದಲೆಳೆ ಬಿರುಕಿನಲ್ಲಿ ನೀರು ಹೊಕ್ಕರೆ ಹಪ್ಪಳದ ಹಾಗೆ ಏಳುತ್ತದೆ, ಕೆಳಗೆ ಕಪ್ಪಾಗುತ್ತದೆ. ನಯವಾದ ಹಲಗೆಯಲ್ಲಾದರೆ ಅದನ್ನು ಉಜ್ಜಿ ತೆಗೆದು ಮತ್ತೆ ಹೊಡೆಯಬಹುದು. ಬ್ಲಾಸ್ಟ್ ಆದ ಮೇಲ್ಮೈಯಲ್ಲಿ ಉಜ್ಜುವುದು ಹೇಗೆ? ಏಣುಗಳು ಸವೆದು ಹೋಗುತ್ತವೆ, ತಗ್ಗಿನಲ್ಲಿ ಹಳೆಯ ಪಿಯು ಹಾಗೆಯೇ ಕೂತಿರುತ್ತದೆ.

ಬ್ಲಾಸ್ಟ್ ಮೇಲ್ಮೈಯಲ್ಲಿ ಇನ್ನೊಂದು ತೊಂದರೆ ಇದೆ. ದ್ರವ ಯಾವಾಗಲೂ ಏಣಿನಿಂದ ಜಾರಿ ತಗ್ಗಿಗೆ ಇಳಿಯುತ್ತದೆ. ತಗ್ಗಿನಲ್ಲಿ ದಪ್ಪ ಪದರ, ಏಣಿನ ತುದಿಯಲ್ಲಿ ಏನೂ ಇಲ್ಲದಷ್ಟು ತೆಳು. ಬಿಸಿಲು-ಮಳೆ ಮೊದಲು ತಿನ್ನುವುದು ಆ ತುದಿಯನ್ನೇ.

ಪೂರ್ತಿ ಸೂರಿನ ಕೆಳಗೆ, ಜಗುಲಿಯ ಒಳಗೋಡೆಗೆ ತೂಗುವ ಬೋರ್ಡಾದರೆ ಎರಡು ಡಬ್ಬಿಯ ಎಕ್ಸ್‌ಟೀರಿಯರ್ ಪಿಯು ನಡೆಯುತ್ತದೆ. ಅಲ್ಲೂ ಆಲಿಫ್ಯಾಟಿಕ್ ಅಂತ ಬರೆದಿರುವುದನ್ನೇ ಕೇಳಿ ತನ್ನಿ, ಪೀಠೋಪಕರಣಕ್ಕೆ ಹೊಡೆಯುವ ಮಾಮೂಲಿ ಪಿಯು ಹಳದಿಗಟ್ಟುತ್ತದೆ. ಮೆಲಮೈನ್ ಮತ್ತು ಎನ್‌ಸಿ ಲ್ಯಾಕರ್ (ನೈಟ್ರೋಸೆಲ್ಯುಲೋಸ್ ಮೆರುಗು) ಮನೆಯೊಳಗಿನ ಸಾಮಾನಿಗೆ ಮಾತ್ರ.

ನಿಮ್ಮ ಬೋರ್ಡಿಗೆ ಹಿನ್ನೆಲೆ ಬೇರೆ, ಅಕ್ಷರ ಬೇರೆ ಅಂತ ಯೋಚಿಸಿ. ಬ್ಲಾಸ್ಟ್ ಆದ ಒರಟು ಹಿನ್ನೆಲೆ ಹೀರುವ ಮೇಲ್ಮೈ. ಒರಟು ಮರ ನಯವಾದ ಮರಕ್ಕಿಂತ ಹೆಚ್ಚು ಸ್ಟೇನ್ (ಮರದೊಳಗೆ ಇಳಿಯುವ ತೆಳು ಬಣ್ಣ) ಕುಡಿಯುತ್ತದೆ, ಹಾಗಾಗಿ ಅದರ ಮೇಲೆ ಸ್ಟೇನ್ ಹೆಚ್ಚು ಕಾಲ ಬಾಳುತ್ತದೆ. ಅಲ್ಲಿಗೆ ಆಯಿಲ್ ಬೇಸಿನ, ಪಿಗ್ಮೆಂಟ್ ಇರುವ ಅರೆಪಾರದರ್ಶಕ ಎಕ್ಸ್‌ಟೀರಿಯರ್ ವುಡ್ ಸ್ಟೇನ್. ಪಿಗ್ಮೆಂಟ್ ಮುಖ್ಯ. ಕಬ್ಬಿಣದ ಆಕ್ಸೈಡಿನ ಕೆಂಪು-ಕಂದು ಪುಡಿ ಕಿರಣವನ್ನು ಮರಕ್ಕೆ ತಲುಪದಂತೆ ತಡೆಯುತ್ತದೆ, ಗೆರೆಯೂ ಕಾಣುತ್ತದೆ. ಇದು ಪದರ ಕಟ್ಟುವುದಿಲ್ಲ, ಆದ್ದರಿಂದ ಸುಲಿಯುವುದೂ ಇಲ್ಲ, ಮಾಸುತ್ತದೆ ಅಷ್ಟೆ. ನಿಮ್ಮ ಜಾಗದಲ್ಲಿ ಎರಡು, ಹೆಚ್ಚೆಂದರೆ ಮೂರು ವರ್ಷಕ್ಕೊಮ್ಮೆ ತೊಳೆದು ಒಂದು ಕೋಟು. ಅಕ್ಷರದ ನಯವಾದ ಮುಖಕ್ಕೆ ಪ್ರೈಮರ್ ಮತ್ತು ಪೇಂಟು.

ಕ್ರಮ ಹೀಗೆ. ಸ್ಟೆನ್ಸಿಲ್ ಇವತ್ತೇ ಕೀಳಿ. ದಿನ ಕಳೆದಷ್ಟೂ ಅಂಟು ಮರಕ್ಕೆ ಕಚ್ಚಿಕೊಳ್ಳುತ್ತದೆ, ಬಿಸಿಲಿಗಿಟ್ಟರಂತೂ ಇನ್ನೂ ಕಷ್ಟ. ಎಳೆಯುವಾಗ ಮರದ ಎಳೆಯ ಉದ್ದಕ್ಕೇ ಎಳೆಯಿರಿ, ಅಡ್ಡ ಎಳೆದರೆ ಅಕ್ಷರದ ಮೂಲೆ ಸಿಗಿದು ಬರುತ್ತದೆ. ಉಳಿದ ಅಂಟನ್ನು ಮಿನರಲ್ ಟರ್ಪೆಂಟೈನ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಸ್ವಲ್ಪ ಉಳಿದರೂ ಪೇಂಟು ಅಲ್ಲಲ್ಲಿ ಹಿಡಿಯದೆ ಕಣ್ಣಿನಂಥ ಚುಕ್ಕೆ ಬಿಡುತ್ತದೆ. ಆಮೇಲೆ ಕಂಪ್ರೆಸರ್ ಗಾಳಿಯಲ್ಲಿ ಧೂಳು ಹಾರಿಸಿ, ಗಟ್ಟಿ ನೈಲಾನ್ ಬ್ರಷ್ಷಿನಲ್ಲಿ ಎಳೆಯ ಉದ್ದಕ್ಕೆ ತಿಕ್ಕಿ. ಕಬ್ಬಿಣದ ತಂತಿ ಬ್ರಷ್ ಖಂಡಿತ ಬೇಡ, ಮುರಿದ ಕಡ್ಡಿ ಮರದಲ್ಲಿ ಉಳಿದು ಮೊದಲ ಮಳೆಗೇ ಕಪ್ಪು ಚುಕ್ಕೆಯಾಗುತ್ತದೆ.

ಮಾಯಿಶ್ಚರ್ ಮೀಟರಿನಲ್ಲಿ ತೇವ ನೋಡಿ, 15 ಶೇಕಡಾಕ್ಕಿಂತ ಕೆಳಗಿರಬೇಕು, 12 ಇದ್ದರೆ ಒಳ್ಳೆಯದು. ತೇಗಕ್ಕೆ ಅದರದೇ ಎಣ್ಣೆಯಂಶ ಇದೆ, ಅದು ಆಯಿಲ್ ಬೇಸಿನ ಬಣ್ಣಗಳನ್ನು ಬೇಗ ಒಣಗಲು ಬಿಡುವುದಿಲ್ಲ. ಬಿಳಿ ಬಟ್ಟೆಯಲ್ಲಿ ಅಸಿಟೋನ್ ಹಾಕಿ ಒರೆಸಿ, ಬಟ್ಟೆಗೆ ಹಳದಿ-ಕಂದು ಬಣ್ಣ ಹತ್ತುವುದು ನಿಂತ ಮೇಲೆ ಒಂದು ಗಂಟೆಯೊಳಗೆ ಮೊದಲ ಕೋಟು ಬೀಳಬೇಕು. ಮರುದಿನಕ್ಕೆ ಬಿಟ್ಟರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಅಸಿಟೋನ್ ಹತ್ತಿರ ಬೀಡಿ, ಒಲೆ, ವೆಲ್ಡಿಂಗ್ ಯಾವುದೂ ಇರಬಾರದು.

ಹಿನ್ನೆಲೆ ಮತ್ತು ಅಕ್ಷರದ ಪಕ್ಕಗಳಿಗೆ ಬ್ರಷ್ಷಿನಲ್ಲಿ ಸ್ಟೇನ್ ಧಾರಾಳವಾಗಿ ಕುಡಿಸಿ. 15-20 ನಿಮಿಷಕ್ಕೆ ತಗ್ಗಿನಲ್ಲಿ ನಿಂತದ್ದನ್ನು ಒಣ ಬ್ರಷ್ಷಿನಲ್ಲಿ ಎತ್ತಿಬಿಡಿ, ಇಲ್ಲದಿದ್ದರೆ ಅಲ್ಲಿ ಮಿರುಗುವ, ಅಂಟುವ ಕಲೆ ಉಳಿಯುತ್ತದೆ. ಎರಡನೆಯ ಕೋಟು ಮೊದಲನೆಯದು ಹಸಿಯಿರುವಾಗಲೇ ಆಗಬೇಕು. ಒಣಗಿದ ಮೇಲೆ ಹಾಕಿದರೆ ಒಳಗೆ ಇಳಿಯದೆ ಮೇಲೆ ಕೂರುತ್ತದೆ. ಅಕ್ಷರದ ಮುಖಕ್ಕೆ ತಾಗಿದ್ದನ್ನು ಕೂಡಲೇ ಒರೆಸಿ. ಮೂರು-ನಾಲ್ಕು ದಿನ ನೆರಳಲ್ಲಿ ಒಣಗಲು ಬಿಟ್ಟು, ಅಕ್ಷರದ ಮುಖವನ್ನು 100 ನಂಬರಿನ ಸ್ಯಾಂಡ್‌ಪೇಪರಿನಲ್ಲಿ, ಮರದ ತುಂಡಿಗೆ ಸುತ್ತಿಕೊಂಡು, ಹೊಸ ಮರ ಕಾಣುವವರೆಗೆ ಉಜ್ಜಿ, ಮತ್ತೆ ಅಸಿಟೋನ್ ಒರೆಸಿ ಪ್ರೈಮರ್.

ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ತಂತಿಗೆ ಹರಡಿ ಒಣಗಿಸಿ, ಇಲ್ಲವೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ.

ಸಾಮಾನು: ಸ್ಟೇನ್ ಅರ್ಧ ಲೀಟರ್ ಸಾಕು, ಮುಂದೆ, ಹಿಂದೆ, ಅಂಚು ಸೇರಿ ಎರಡು ಕೋಟಿಗೆ. ಅಕ್ಷರಕ್ಕೆ ಪ್ರೈಮರ್ 200 ಮಿ.ಲೀ., ಪೇಂಟು 200 ಮಿ.ಲೀ. ಅಸಿಟೋನ್ 1 ಲೀಟರ್.

ಕಡಲಬದಿ:

ಮೇಲಿನವರು ಮುಖದ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ. ಆದರೆ ಹೊರಗಿನ ಬೋರ್ಡು ಹಾಳಾಗಲು ಶುರುವಾಗುವುದು ಅಂಚಿನಿಂದ, ಹಿಂಭಾಗದಿಂದ, ಸ್ಕ್ರೂ ತೂತಿನಿಂದ.

ಹಲಗೆಯ ಎರಡು ತುದಿಗಳು, ಅಂದರೆ ಎಳೆ ಕತ್ತರಿಸಿದ ಮುಖಗಳು, ನೀರನ್ನು ಉಳಿದ ಮೈಗಿಂತ ಹಲವು ಪಟ್ಟು ಎಳೆದುಕೊಳ್ಳುತ್ತವೆ. ಅವಕ್ಕೆ ತೆಳು ಮಾಡಿದ ಎಪಾಕ್ಸಿಯನ್ನು ಹೀರುವುದು ನಿಲ್ಲುವವರೆಗೆ ಕುಡಿಸಿ, ಸಾಮಾನ್ಯವಾಗಿ ಮೂರು ಸಲ. ಎಪಾಕ್ಸಿ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಹಾಗಾಗಿ ಅದರ ಮೇಲೆ ಪೇಂಟು ಇರಲೇಬೇಕು. ಸ್ಟೇನ್ ಹೊಡೆಯುವ ಮೊದಲೇ ಈ ಕೆಲಸ ಮುಗಿಸಿ, ಎಪಾಕ್ಸಿ ಬೀಳುವ ಜಾಗಕ್ಕೂ ಅಸಿಟೋನ್ ಒರೆಸಿ. ಹಿಂಭಾಗಕ್ಕೆ ಮುಂದಿನಷ್ಟೇ ಕೋಟು ಬೇಕು. ಕಾಣುವುದಿಲ್ಲ ಅಂತ ಬಿಟ್ಟರೆ ಒಂದು ಕಡೆ ಮಾತ್ರ ತೇವ ಹೀರಿ ಬೋರ್ಡು ದೋಣಿಯಾಗುತ್ತದೆ, ಅಂಟಿನ ಗೆರೆ ಬಿಡುತ್ತದೆ.

ಮೇಲಂಚನ್ನು 15 ಡಿಗ್ರಿ ಹಿಂದಕ್ಕೆ ಇಳಿಜಾರು ಮಾಡಿ ಹೆರೆಯಿರಿ. ಅದರ ಮೇಲೆ ಎರಡೂ ಕಡೆ ಅರ್ಧ ಇಂಚು ಹೊರಚಾಚುವ ಅಲ್ಯೂಮಿನಿಯಂ ತಗಡಿನ ಟೋಪಿ ಹಾಕಿದರೆ ಬಣ್ಣದ ಆಯುಷ್ಯ ನಿಜವಾಗಿ ಹೆಚ್ಚುತ್ತದೆ. ಕೆಳಗಿನ ಅಂಚಿನ ಅಡಿಯಲ್ಲಿ ಉದ್ದಕ್ಕೂ 4 ಮಿ.ಮೀ. ಗಾಡಿ, ಅಂದರೆ ಸಣ್ಣ ತೋಡು, ಹೊಡೆಸಿ, ನೀರು ಒಳಸರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಸ್ಕ್ರೂ, ಬೋಲ್ಟು ಸ್ಟೇನ್‌ಲೆಸ್ 304, ಸಮುದ್ರದ ಹತ್ತಿರವಾದರೆ 316. ಮಾಮೂಲಿ ಕಬ್ಬಿಣ ತೇಗದ ಒಗರಿಗೆ ತಾಗಿ ಮಸಿಯಂಥ ಗೆರೆ ಇಳಿಸುತ್ತದೆ. ಹಿಂದಿನ ಅಡ್ಡಪಟ್ಟಿಗಳನ್ನು ಅಂಟಿಸಬೇಡಿ. ಪಟ್ಟಿಯಲ್ಲಿ ಉದ್ದನೆಯ ತೂತು ಮಾಡಿ, ವಾಷರ್ ಹಾಕಿ, ನಡುವಿನ ಸ್ಕ್ರೂ ಮಾತ್ರ ಬಿಗಿಯಾಗಿ. 2 ಅಡಿ ಅಗಲದ ತೇಗ ಬೇಸಿಗೆಗೂ ಮಳೆಗಾಲಕ್ಕೂ ಕೆಲವು ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಜಾಗ ಕೊಡದಿದ್ದರೆ ಮರವೇ ಸೀಳಿಕೊಂಡು ಜಾಗ ಮಾಡಿಕೊಳ್ಳುತ್ತದೆ.

ಅಗಸೆ ಎಣ್ಣೆ ನಿಮ್ಮೂರಿಗೆ ಆಗದು. ಅದು ಬೂಷ್ಟಿಗೆ ಆಹಾರ. ಒಂದೇ ಮಳೆಗಾಲಕ್ಕೆ ಬೋರ್ಡು ಕಪ್ಪಾಗುತ್ತದೆ. ಹೊಂಗೆ ಎಣ್ಣೆ ಒಣಗುವ ಜಾತಿಯದಲ್ಲ, ಧೂಳು ಹಿಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಮಾಡಿನ ಪಕ್ಕಾಸು-ರೀಪಿಗೆ ಹಚ್ಚುವ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಗೆದ್ದಲಿಗೆ ಒಳ್ಳೆಯ ಮದ್ದು, ಕಂಬಕ್ಕೆ ಬೇಕಾದರೆ ಬಳಸಿ. ಬೋರ್ಡಿಗೆ ಮಾತ್ರ ಬೇಡ, ಕಡುಗಪ್ಪಾಗುತ್ತದೆ, ಮೇಲೆ ಯಾವ ಪೇಂಟೂ ನೆಟ್ಟಗೆ ಕೂರುವುದಿಲ್ಲ. ಕೈಗೆ ತಾಗಿದರೆ ಬೊಬ್ಬೆ ಬರುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಹಲಗೆಗಳಲ್ಲಿ ಎಲ್ಲಾದರೂ ತಿಳಿಹಳದಿ ಪಟ್ಟೆ ಇದೆಯೇ ನೋಡಿ. ಅದು ಚೇಗಲ್ಲ (ಚೇಗು ಅಂದರೆ ಮರದ ಒಳಗಿನ ಗಟ್ಟಿ ತಿರುಳು), ಹೊರಗಿನ ಬಿಳಿ ಭಾಗ. ತೇಗದ ಬಾಳಿಕೆಯ ಹೆಸರೆಲ್ಲ ಚೇಗಿಗೆ ಸಂದದ್ದು, ಬಿಳಿ ಭಾಗಕ್ಕೆ ಹುಳವೂ ಹತ್ತುತ್ತದೆ, ಅದು ಕೊಳೆತು ಲಡ್ಡೂ ಆಗುತ್ತದೆ. ಇದ್ದರೆ ಆ ಜಾಗಕ್ಕೆ ಬೋರಾನ್ ದ್ರಾವಣ ಕುಡಿಸಿ ಪೂರ್ತಿ ಒಣಗಿಸಿ ಮುಂದುವರಿಯಿರಿ.

ಕಾಫಿಕಣ:

ಇಬ್ಬರಿಗೂ ಧನ್ಯವಾದ. ಸ್ಟೆನ್ಸಿಲ್ ಕಿತ್ತಾಯಿತು. ಮೂರು ವಿಷಯ ಕೇಳಬೇಕು.

ಒಂದು, ಎರಡನೇ ಸಾಲಿನ ಚಿಕ್ಕ ಅಕ್ಷರಗಳಲ್ಲಿ ಎರಡು ಒತ್ತಕ್ಷರ ಮತ್ತು ಒಂದು ದೀರ್ಘದ ಬಾಲ ಹಾರಿಹೋಗಿವೆ. ಮತ್ತೆ ಅಂಟಿಸಬಹುದೇ? ಎರಡು, ಹಿನ್ನೆಲೆಗೆ ಗಾಢ ಹಸಿರು ಪೇಂಟು ಹೊಡೆದರೆ ಸ್ಟೇನಿಗಿಂತ ಹೆಚ್ಚು ಬಾಳುತ್ತದೆಯೇ? ಮೂರು, ಅಕ್ಷರಕ್ಕೆ ಚಿನ್ನದ ಬಣ್ಣವೋ, ಚಿನ್ನದ ಹಾಳೆಯೋ?

ಬೋರ್ಡುಬರಹ:

ಒತ್ತಕ್ಷರ ಹಾರುವುದಕ್ಕೆ ಕಾರಣ ಎಳೆಯ ದಿಕ್ಕು. ಬೋರ್ಡಿನಲ್ಲಿ ಎಳೆ ಅಡ್ಡಕ್ಕೆ ಓಡುತ್ತದೆ. ಒತ್ತಿನ ಕುತ್ತಿಗೆ, ಕೊಂಬಿನ ತುದಿ, ದೀರ್ಘದ ಬಾಲ ಮೇಲಿಂದ ಕೆಳಗೆ ಇಳಿಯುವ ಕಡೆ ಕೆಲವೇ ಮಿ.ಮೀ. ಉದ್ದದ ತುಂಡು ಎಳೆಗಳಷ್ಟೇ ಅದನ್ನು ಹಿಡಿದಿರುತ್ತವೆ. 8 ಮಿ.ಮೀ. ಆಳ ಹೊಡೆದಾಗ ಗೆರೆಯ ದಪ್ಪ 8 ಮಿ.ಮೀ.ಗಿಂತ ಕಡಿಮೆಯಿದ್ದರೆ ಮುರಿಯುತ್ತದೆ. ಪಕ್ಕದಿಂದ ಮರಳು ಒಳಕೊರೆದು ಅಕ್ಷರದ ಬುಡವೂ ಸಣಕಲಾಗುತ್ತದೆ. ಗ್ರಾನೈಟ್, ಗಾಜಿನ ಕೆಲಸದ ಅಂಗಡಿಗಳಲ್ಲಿ ಕಲ್ಲಿಗೆ ಹೊಡೆಯುವ ಒತ್ತಡದಲ್ಲೇ ಮರಕ್ಕೂ ಹೊಡೆಯುವುದುಂಟು. ಮರಕ್ಕೆ 60ರಿಂದ 80 ಪಿಎಸ್‌ಐ ಸಾಕು, ನಾಝಲ್ ಒಂದು ಅಡಿಗಿಂತ ಹತ್ತಿರ ಬರಬಾರದು, ಮುಖಕ್ಕೆ ನೇರ ಲಂಬವಾಗಿರಬೇಕು. ಹೊಳೆ ಮರಳಂತೂ ಬಳಸಲೇಬಾರದು, ಅದರ ಸಿಲಿಕಾ ಧೂಳು ಹೊಡೆಯುವವನ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ.

ಕನ್ನಡಕ್ಕೆ ಅಕ್ಷರ ಬಿಡಿಸುವಾಗಲೇ ತೆಳು ಮೊನೆಗಳನ್ನು ಕೊಬ್ಬಿಸಬೇಕು, ಒತ್ತನ್ನು ಮೇಲಿನ ಅಕ್ಷರಕ್ಕೆ ತಾಗಿಸಿ ಒಂದೇ ತುಂಡು ಮಾಡಬೇಕು. ಕಂಪ್ಯೂಟರ್ ಫಾಂಟನ್ನು ಹಾಗೆಯೇ ಕತ್ತರಿಸಿದರೆ ಒತ್ತು ಬಿಡಿಬಿಡಿ ದ್ವೀಪವಾಗುತ್ತದೆ, ಸ್ಟೆನ್ಸಿಲ್ ಅಲ್ಲೇ ಮೊದಲು ಏಳುವುದು. ಚಿಕ್ಕ ಸಾಲಿನ ಅಕ್ಷರ ಕನಿಷ್ಠ ಮೂರು ಇಂಚು ಎತ್ತರ ಇಡಿ. ಅದಕ್ಕಿಂತ ಚಿಕ್ಕದು ಬೇಕೆಂದರೆ ಆ ಸಾಲಿನ ಹಿಂದೆ ಒಂದು ನಯವಾದ ಪಟ್ಟಿಯನ್ನೇ ಬ್ಲಾಸ್ಟ್ ಮಾಡದೆ ಉಳಿಸಿ, ಅದರ ಮೇಲೆ ಬ್ರಷ್ಷಿನಲ್ಲಿ ಬರೆಸುವುದು ಮೇಲು.

ನಿಮ್ಮಲ್ಲಿ ಹಾರಿದ ತುಂಡು ಸಿಕ್ಕಿದ್ದರೆ ಎರಡೂ ಮುಖ ಅಸಿಟೋನ್‌ನಲ್ಲಿ ಒರೆಸಿ, ನಿಧಾನ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಕೂರಿಸಿ, ಟೇಪು ಸುತ್ತಿ 24 ಗಂಟೆ ಬಿಡಿ. ತುಂಡು ಇಲ್ಲದಿದ್ದರೆ ತೇಗದ ಹೊಟ್ಟು ಕಲಸಿದ ಎಪಾಕ್ಸಿಯಲ್ಲಿ ಉಬ್ಬಿಸಿ ಕಟ್ಟಿ, ಗಟ್ಟಿಯಾದ ಮೇಲೆ ಕತ್ತಿಯಲ್ಲಿ ಕೆತ್ತಿ. ಮೇಲೆ ಪೇಂಟು ಬರುವುದರಿಂದ ತೇಪೆ ಕಾಣದು. ಫೆವಿಕಾಲ್ ತರದ ಮಾಮೂಲಿ ಬಿಳಿ ಅಂಟು ಇಲ್ಲಿ ನಿಲ್ಲುವುದಿಲ್ಲ. ಈ ಕೆಲಸ ಸ್ಟೇನಿಗೆ ಮೊದಲು ಆಗಬೇಕು.

ಅಕ್ಷರದ ಪೇಂಟಿಗೆ: ಆಲ್ಕಿಡ್ (ಆಯಿಲ್ ಬೇಸಿನ) ವುಡ್ ಪ್ರೈಮರ್ ಎರಡು ಕೋಟು, ಮೊದಲನೆಯದಕ್ಕೆ 10 ಶೇಕಡಾ ಟರ್ಪೆಂಟೈನ್. ತೇಗದ ಕಂದು ಒಗರು ನೀರಿನ ಪ್ರೈಮರ್ ಮೂಲಕ ಮೇಲೆ ಬಂದು ಕೆನೆ ಬಣ್ಣವನ್ನು ಕಲೆಗಟ್ಟಿಸುತ್ತದೆ, ಆಲ್ಕಿಡ್ ಅದನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ. ತೇಗದ ಮೇಲೆ ಡಬ್ಬಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಒಣಗಲು ಬಿಡಿ. ಉಗುರು ಒತ್ತಿದರೆ ಗುರುತು ಬೀಳಬಾರದು. ಅದರ ಮೇಲೆ ಪೂರ್ತಿ ಅಕ್ರಿಲಿಕ್ ಎಕ್ಸ್‌ಟೀರಿಯರ್ ಪೇಂಟು ಎರಡು ಕೋಟು. ಸಿಂಥೆಟಿಕ್ ಎನಾಮಲ್ ಮೊದಲು ಚೆನ್ನಾಗಿ ಹೊಳೆಯುತ್ತದೆ, ಆದರೆ ವರ್ಷ ಕಳೆದಂತೆ ಪೆಡಸಾಗಿ ಮರ ಹಿಗ್ಗುವಾಗ ಬಿರುಕು ಬಿಡುತ್ತದೆ. ಅಕ್ರಿಲಿಕ್ ಮರದ ಜೊತೆ ಹಿಗ್ಗುತ್ತದೆ. 4 ಇಂಚಿನ ಸಣ್ಣ ಜುಂಗಿನ ರೋಲರ್ ತೆಗೆದುಕೊಂಡು, ಪೇಂಟನ್ನು ತಟ್ಟೆಯಲ್ಲಿ ಚೆನ್ನಾಗಿ ಹಿಂಡಿ, ಅರೆ ಒಣಗಿದಂತಿರುವಾಗ ಅಕ್ಷರದ ಮೇಲೆ ಹಗುರವಾಗಿ ಉರುಳಿಸಿ. ಎತ್ತರದ ಮುಖಕ್ಕೆ ಮಾತ್ರ ತಾಗುತ್ತದೆ, ತಗ್ಗಿಗೆ ಇಳಿಯುವುದಿಲ್ಲ. ಅಕ್ಷರದ ಚೂಪು ಅಂಚನ್ನು ಮೊದಲೇ ಸ್ಯಾಂಡ್‌ಪೇಪರಿನಲ್ಲಿ ಒಂದು ಎಳೆಯಷ್ಟು ಮಂದ ಮಾಡಿ, ಚೂಪಿನ ಮೇಲೆ ಯಾವ ಪೇಂಟೂ ನಿಲ್ಲದು.

ಚಿನ್ನದ ಬಣ್ಣ ಅಂತ ಡಬ್ಬಿಯಲ್ಲಿ ಬರುವುದರಲ್ಲಿ ಹೆಚ್ಚಿನವು ಹಿತ್ತಾಳೆ-ಕಂಚಿನ ಪುಡಿ. ಹೊರಗೆ ಕಂದಾಗುತ್ತದೆ, ಹಸಿರುಗಟ್ಟುತ್ತದೆ. ಅಗ್ಗದ ಚಿನ್ನದ ಹಾಳೆಯೂ ಹಿತ್ತಾಳೆಯೇ. 23 ಕ್ಯಾರೆಟ್‌ನ ನಿಜವಾದ ಹಾಳೆ ಮಾಸುವುದೇ ಇಲ್ಲ, ಅದರ ಮೇಲೆ ವಾರ್ನಿಷ್ ಕೂಡ ಬೇಡ, ಹೊಡೆದರೆ ವಾರ್ನಿಷ್ಷೇ ಮೊದಲು ಹಾಳಾಗಿ ಚಿನ್ನವನ್ನೂ ಕಿತ್ತುಕೊಂಡು ಹೋಗುತ್ತದೆ. 80 ಮಿ.ಮೀ. ಚೌಕದ 25 ಹಾಳೆಯ ಪುಸ್ತಕ ಸುಮಾರು ಒಂದೂವರೆ ಚದರಡಿ ಮುಚ್ಚುತ್ತದೆ, ಅಕ್ಷರದ ವಿಸ್ತೀರ್ಣ ಅಳೆದು ಲೆಕ್ಕ ಹಾಕಿ. ಪ್ರೈಮರ್ ಮೇಲೆ ಗೋಪಿ ಹಳದಿ ಎರಡು ಕೋಟು, 320 ನಂಬರಿನಲ್ಲಿ ನಯ, ತೆಳುವಾಗಿ ನಿಧಾನದ ಆಯಿಲ್ ಸೈಜ್ (ಹಾಳೆ ಹಿಡಿಯುವ ಎಣ್ಣೆ ಅಂಟು). ಬೆರಳ ಗೆಣ್ಣು ತಾಗಿಸಿದರೆ ಅಂಟು ಬಾರದೆ ಚಿಟ್ಟೆನ್ನುವ ಹೊತ್ತಿಗೆ ಹಾಳೆ ಇಡಬೇಕು, ಸಾಮಾನ್ಯವಾಗಿ 10-12 ಗಂಟೆಗೆ. ಗಾಳಿಯಿಲ್ಲದ ಕೋಣೆಯಲ್ಲೇ ಮಾಡಿ.

ಬಣ್ಣ ಮಾಸುವುದರ ಬಗ್ಗೆ ಒಂದು ಮಾತು. ಹೊಳೆಯುವ ಕೆಂಪು, ನಿಂಬೆ ಹಳದಿ ಪಶ್ಚಿಮದ ಬಿಸಿಲಿಗೆ ಬೇಗ ಸೋಲುತ್ತವೆ. ಕಾವಿ ಕೆಂಪು, ಗೋಪಿ, ಕೆನೆ, ಕಪ್ಪು ಉಳಿಯುತ್ತವೆ. ಕಾವಿ, ಗೋಪಿ ಮಣ್ಣಿನ, ಕಬ್ಬಿಣದ ಆಕ್ಸೈಡಿನ ಬಣ್ಣಗಳು, ಕಪ್ಪು ಸಾಮಾನ್ಯವಾಗಿ ಇಂಗಾಲದ್ದು.

ಉಳಿಗರಗಸ:

ಹಸಿರು ಪೇಂಟಿನ ಪ್ರಶ್ನೆಗೆ: ಹೌದು, ಹೆಚ್ಚು ವರ್ಷ ಬರುತ್ತದೆ. ಆಲ್ಕಿಡ್ ಪ್ರೈಮರ್ ಮತ್ತು ಎರಡು ಕೋಟು ಅಕ್ರಿಲಿಕ್ ಸರಿಯಾಗಿ ಬಿದ್ದರೆ ಆರು-ಏಳು ವರ್ಷ. ಬ್ಲಾಸ್ಟ್ ಆದ ಗೆರೆಗಳ ಉಬ್ಬು-ತಗ್ಗು ಪೇಂಟಿನ ಕೆಳಗೂ ಕಾಣುತ್ತದೆ, ಮರದ ಬಣ್ಣ ಮಾತ್ರ ಕಾಣುವುದಿಲ್ಲ. ಅಮೆರಿಕ, ಕೆನಡಾದಲ್ಲಿ ಸೀಡರ್, ರೆಡ್‌ವುಡ್ ಬೋರ್ಡುಗಳಿಗೆ ಈ ಪದ್ಧತಿಯೇ ಹೆಚ್ಚು. ಆದರೆ ಒಮ್ಮೆ ಪೇಂಟು ಹೊಡೆದ ಮೇಲೆ ಸ್ಟೇನಿಗೆ ಮರಳಲಾಗದು, ಸುಲಿದ ದಿನ ಮತ್ತೆ ಬ್ಲಾಸ್ಟ್ ಮಾಡಿಸಬೇಕು. ಸ್ಟೇನಿನ ಆಯುಷ್ಯ ಕಡಿಮೆ, ನವೀಕರಣ ಸುಲಭ. ಎರಡು ವರ್ಷಕ್ಕೊಮ್ಮೆ ಅರ್ಧ ದಿನ ಕೊಡುವವರಿದ್ದರೆ ಸ್ಟೇನ್, ಇಲ್ಲದಿದ್ದರೆ ಪೇಂಟು. ಗಾಢ ಹಸಿರು ಬಿಸಿಲಿಗೆ ಮರವನ್ನು ಬಹಳ ಕಾಯಿಸುತ್ತದೆ, ಅಂಟಿನ ಗೆರೆಗೆ ಒಳ್ಳೆಯದಲ್ಲ. ಒಂದು ಛಾಯೆ ತಿಳಿಯಾಗಿ ತೆಗೆದುಕೊಳ್ಳಿ.

ಯಾವುದೇ ಆದರೂ ತಡ ಬೇಡ. ಹೊಸದಾಗಿ ತೆರೆದ ಮರ ಎರಡು-ಮೂರು ವಾರ ಬಿಸಿಲಿಗೆ ಇದ್ದರೂ ಪೇಂಟಿನ ಹಿಡಿತ ಕುಗ್ಗುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ, ಮಧ್ಯಾಹ್ನ ಮೂರರೊಳಗೆ ನಿಲ್ಲಿಸಿ. ನೇರ ಬಿಸಿಲಿನಲ್ಲಿ ಹೊಡೆದರೆ ತೇಗದ ದೊಡ್ಡ ರಂಧ್ರಗಳೊಳಗಿನ ಗಾಳಿ ಹಿಗ್ಗಿ ಗುಳ್ಳೆ ಬರುತ್ತದೆ.

ಹೊಸಗರಡಿ:

ಇದೇ ಕೆಲಸಕ್ಕೆ ತೋಟದ ಸಿಲ್ವರ್ ಓಕ್ ಆಗುತ್ತದೆಯೇ? ಇನ್ನೊಂದು, ಮೊದಲ ಮಳೆ ಬಿದ್ದ ಮೇಲೆ ತೇಗದ ಬೋರ್ಡಿನಲ್ಲಿ ಕಪ್ಪು ಚುಕ್ಕೆಗಳು ಬಂದರೆ ಅದು ಬೂಷ್ಟೋ, ತುಕ್ಕೋ ತಿಳಿಯುವುದು ಹೇಗೆ?

ಕಡಲಬದಿ:

ಸಿಲ್ವರ್ ಓಕ್ ಹೊರಗಿಗೆ ಬೇಡ, ಬಾಳಿಕೆ ಇಲ್ಲ. ಗೆರೆ ಎದ್ದು ಕಾಣಬೇಕು ಅಂದರೆ ದೇವದಾರು ತೇಗಕ್ಕಿಂತಲೂ ಚೆನ್ನಾಗಿ ಬ್ಲಾಸ್ಟ್ ಆಗುತ್ತದೆ, ಅದರ ಉಂಗುರದಲ್ಲಿ ಮೆತ್ತನೆ ಭಾಗಕ್ಕೂ ಗಟ್ಟಿ ಭಾಗಕ್ಕೂ ವ್ಯತ್ಯಾಸ ಹೆಚ್ಚು. ಚೇಗನ್ನೇ ಆರಿಸಿ. ಮರ ಯಾವ ಜಾತಿ ಅಂತ ಸಂಶಯವಿದ್ದರೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಗುರುತಿಸಿಕೊಳ್ಳಬಹುದು.

ಚುಕ್ಕೆಯ ಮೇಲೆ ಬಟ್ಟೆಗೆ ಹಾಕುವ ಬ್ಲೀಚಿನ ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಬಿಳಚಿದರೆ ಬೂಷ್ಟು. ಒಂದು ಪಾಲು ಬ್ಲೀಚಿಗೆ ಮೂರು ಪಾಲು ನೀರು, ಮೆತ್ತನೆ ಬ್ರಷ್ಷು, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಬದಲಾಗದಿದ್ದರೆ ಧೂಳೋ ಕಬ್ಬಿಣವೋ ಇರಬೇಕು. ಸೋಪಿನಲ್ಲಿ ತೊಳೆದರೂ ಹೋಗದೆ ನೀಲಿಗಪ್ಪಾಗಿ, ಸುತ್ತ ಹರಡಿದಂತಿದ್ದರೆ ಕಬ್ಬಿಣ. ಹಾಗಿದ್ದರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ, ಬ್ರಷ್ಷಿನಲ್ಲಿ ಇಡೀ ಹಲಗೆಗೆ ಹಚ್ಚಿ, ಚುಕ್ಕೆ ಮಾಯವಾದ ಮೇಲೆ ಎರಡು-ಮೂರು ಸಲ ತೊಳೆಯಿರಿ. ಚುಕ್ಕೆಗಷ್ಟೇ ಹಚ್ಚಿದರೆ ಆ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಅದು ವಿಷ, ಗ್ಲೌಸ್ ಮತ್ತು ಕನ್ನಡಕ ಬೇಕು. ಬ್ಲೀಚ್ ಹಾಕಿದ ದಿನವೇ ಆಸಿಡ್ ಹಾಕಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಬ್ಬಿಣದ ಚೂರು ಮರದೊಳಗೇ ಇದ್ದರೆ ಚುಕ್ಕೆ ಮತ್ತೆ ಬರುತ್ತದೆ, ಸೂಜಿಯಲ್ಲಿ ಕೆದಕಿ ಚೂರು ತೆಗೆದ ಮೇಲಷ್ಟೇ ಹೊಸ ಸ್ಟೇನ್.